ಸೊಸೆಯ ತೋಳಿನ ಅಳತೆ

ಮನೆಯಲ್ಲಿ ಕೂಸು ಹುಟ್ಟಿದರೆ ಎಲ್ಲರ ಕಣ್ಣೂ ತೊಟ್ಟಿಲ ಮೇಲೆ. ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ಬಂದವರೆಲ್ಲ ತೀರ್ಪು ಕೊಟ್ಟು ಹೋಗುತ್ತಾರೆ. ಹೆತ್ತವಳು ಪಾಪ ಗೋಡೆಗೆ ಒರಗಿ ಕೂತಿರುತ್ತಾಳೆ. ಟೈಲರಮ್ಮನ ಮನೆಯಲ್ಲೂ ಹಾಗೇ ಆಗಿತ್ತು. ಅವರ ಸೊಸೆಗೆ ಹೆರಿಗೆಯಾಗಿ ಒಂಬತ್ತು ದಿನ.

ಟೈಲರಮ್ಮ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಮೂವತ್ತು ವರ್ಷದಿಂದ ಬೀದಿಗೆಲ್ಲ ಬಟ್ಟೆ ಹೊಲಿದವರು. ತಮ್ಮ ಅಳತೆ ತಪ್ಪಿದ್ದೇ ಇಲ್ಲ ಎಂಬ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ. ಈ ವಾರ ಆ ಹೆಮ್ಮೆಗೆ ಪೆಟ್ಟು ಬಿದ್ದಿತ್ತು. ಸೊಸೆಗೆಂದು ಹೊಲಿದ ಹೊಸ ನೈಟಿಯ ತೋಳು ಬಿಗಿಯಾಯಿತು. ಬಿಚ್ಚಿ ಅರ್ಧ ಇಂಚು ಬಿಟ್ಟರು. ಎರಡೇ ದಿನಕ್ಕೆ ಮತ್ತೆ ಬಿಗಿ! ಇನ್ನರ್ಧ ಇಂಚು ಬಿಟ್ಟು, ಬಟ್ಟೆ ಅಂಗಡಿಯವನಿಗೆ ಫೋನ್ ಮಾಡಿದರು. "ಏನಪ್ಪಾ, ಒಗೆಯೋಕೆ ಮುಂಚೇನೇ ಕುಗ್ಗೋ ಬಟ್ಟೆ ಕೊಟ್ಟಿದೀಯಲ್ಲ, ಯಾವ ಸೀಮೆ ವ್ಯಾಪಾರ ಇದು?" ಎಂದು ಚೆನ್ನಾಗಿ ಜಾಡಿಸಿದರು.

ಮರುದಿನ ಬೆಳಿಗ್ಗೆ ಹೆಗಲಿಗೊಂದು ಚೀಲ, ಕೈಯಲ್ಲೊಂದು ಫೈಲು ಹಿಡಿದು ನರ್ಸ್ ಒಬ್ಬರು ಬಂದರು.

"ಅಮ್ಮಾ, ಬೇರೆ ಬೇರೆ ದೇಶಗಳಲ್ಲಿ ಬಾಣಂತಿಯರನ್ನ ಹೇಗೆ ನೋಡ್ಕೋತಾರೆ ಅಂತ ನಾವು ನರ್ಸ್‌ಗಳು ಸೇರಿ, ಅವರವರ ಊರಲ್ಲಿ ಕೇಳ್ಕೊಂಡು ಅಧ್ಯಯನ ಮಾಡ್ತಿದೀವಿ. ನಿಮ್ಮ ಸೊಸೆ ಹತ್ರ ಸ್ವಲ್ಪ ಮಾತಾಡಬಹುದಾ?"

"ಅಂದ್ರೆ ನಮ್ಮನೆ ವಿಷಯ ಹೊರದೇಶದೋರೂ ಓದ್ತಾರಾ?"

"ಓದ್ತಾರೆ. ಹೆಸರು ಮಾತ್ರ ಹಾಕಲ್ಲ."

ಹೆಸರಿಲ್ಲ ಎಂದಾಗ ಟೈಲರಮ್ಮನಿಗೆ ತುಸು ಬೇಸರವಾಯಿತು. ಆದರೂ ಕುರ್ಚಿ ಎಳೆದುಕೊಂಡು ಸೊಸೆಯ ಮುಂದೆ ತಾವೇ ಕೂತರು.

"ನಿದ್ದೆ ಬರುತ್ತಾ?" ಸಿಸ್ಟರ್ ಸೊಸೆಯನ್ನು ಕೇಳಿದರು.

"ಬರುತ್ತೆ," ಎಂದರು ಟೈಲರಮ್ಮ.

"ಊಟ?"

"ಮೂರು ಹೊತ್ತೂ. ನಾನೇ ಬಡಿಸ್ತೀನಿ."

"ಎಲ್ಲಾದ್ರೂ ನೋವು?"

"ಮಂಡಿ. ಮೆಟ್ಟಿಲು ಹತ್ತೋಕಾಗಲ್ಲ."

ಸಿಸ್ಟರ್ ಬರೆಯುವುದನ್ನು ನಿಲ್ಲಿಸಿದರು. "ಅದು ನಿಮ್ಮ ಮಂಡಿ ಅಲ್ವಾ ಅಮ್ಮಾ?"

"ಈ ಮನೇಲಿ ನೋಯೋದು ಅದೊಂದೇ."

ಸಿಸ್ಟರ್ ನಗು ತಡೆದುಕೊಂಡರು. "ಪಕ್ಕದ ಮನೆಯೋರು ಬಂದು, 'ನನ್ನ ಅಳತೆ ತಗೊಂಡು ನನ್ನ ತಂಗಿಗೆ ಬಟ್ಟೆ ಹೊಲ್ಕೊಡಿ' ಅಂದ್ರೆ ಏನ್ಮಾಡ್ತೀರಿ?"

"ಬಾಗಿಲಿಂದಲೇ ವಾಪಸ್ ಕಳಿಸ್ತೀನಿ! ಹಾಕ್ಕೊಳ್ಳೋಳೇ ಬಂದು ಇಲ್ಲಿ ನಿಲ್ಲಬೇಕು."

"ಇದೂ ಹಾಗೇ. ಹೆತ್ತೋಳೇ ಹೇಳಬೇಕು."

ಟೈಲರಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಸೊಸೆಗೆ ಜಾಗ ಬಿಟ್ಟರು. ಆ ಮನೆಯಲ್ಲಿ ಅದು ಬಲು ಅಪರೂಪದ ದೃಶ್ಯ.

ಸೊಸೆ ಮೆಲ್ಲಗೆ ಹೇಳಿದಳು: "ತಲೆ ಸಿಡೀತಿದೆ ಸಿಸ್ಟರ್, ಮೂರು ದಿನದಿಂದ. ಇವತ್ತು ಬೆಳಿಗ್ಗೆಯಿಂದ ಕಣ್ಣು ಮಂಜು ಮಂಜು. ಕೂಸಿನ ಮುಖಾನೇ ಸರಿಯಾಗಿ ಕಾಣ್ತಿಲ್ಲ."

"ಮೊಬೈಲ್ ನೋಡಿ ನೋಡಿ..." ಟೈಲರಮ್ಮ ಶುರು ಮಾಡಿದರು.

"ಮೊಬೈಲ್ ನಿಮ್ಮ ಹತ್ರಾನೇ ಇದೆ ಅತ್ತೆ. ಕೂಸಿನ ಫೋಟೋ ಕಳಿಸ್ತೀನಿ ಅಂತ ಆವತ್ತು ಇಸ್ಕೊಂಡ್ರಲ್ಲ."

"ಹಾಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಸಿಸ್ಟರ್ ಚೀಲದಿಂದ ಬಿಪಿ ಯಂತ್ರ ತೆಗೆದು ಪಟ್ಟಿ ಸುತ್ತಿದರು. "ತೋಳು ಊದಿದೆಯಲ್ಲ! ಯಾವಾಗಿಂದ?"

ಟೈಲರಮ್ಮನ ಕೈ ತಾನಾಗಿ ಕೊರಳಲ್ಲಿದ್ದ ಅಳತೆ ಟೇಪನ್ನು ಹಿಡಿದುಕೊಂಡಿತು. "ಮಂಗಳವಾರ ಅರ್ಧ ಇಂಚು. ಗುರುವಾರ ಇನ್ನರ್ಧ. ಬಟ್ಟೆ ಕುಗ್ಗಿದೆ ಅಂದ್ಕೊಂಡೆ ಸಿಸ್ಟರ್... ಬಟ್ಟೆ ಕುಗ್ಗಿರಲಿಲ್ಲ."

ಯಂತ್ರ ನೂರ ಎಪ್ಪತ್ತರ ಮೇಲೆ ನೂರ ಹನ್ನೆರಡು ತೋರಿಸಿತು. "ಬಿಪಿ ತುಂಬಾ ಏರಿದೆ, ಈಗಲೇ ಆಸ್ಪತ್ರೆಗೆ ಹೊರಡಬೇಕು," ಎಂದು ಸಿಸ್ಟರ್ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದರು.

"ಹೆರಿಗೆ ಸುಸೂತ್ರ ಆಯ್ತಲ್ಲ! ನಾನು ಮೂರು ಹೆತ್ತೆ, ನನಗೇನೂ ಆಗ್ಲಿಲ್ಲ."

"ಹೆರಿಗೆ ಆದ್ಮೇಲೂ ಬಿಪಿ ಏರಬಹುದು ಅಮ್ಮಾ, ಮೊದಲು ಸರಿ ಇದ್ದೋರಿಗೂ. ತಡ ಮಾಡಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಬಾಣಂತನ ಒಂದೊಂದು ಕಡೆ ಒಂದೊಂದು ಥರ. ಕೆಲವರು ಬೆಚ್ಚಗೆ ಹೊದಿಸ್ತಾರೆ, ಕೆಲವರು ಹೊಟ್ಟೆಗೆ ಬಟ್ಟೆ ಕಟ್ತಾರೆ, ಇನ್ನು ಕೆಲವರು ಎದ್ದು ಓಡಾಡು ಅಂತಾರೆ. ಎಲ್ಲಾ ಪ್ರೀತಿನೇ. ಆದ್ರೆ ಈ ಬಿಪಿ ಯಾರ ಪದ್ಧತೀನೂ ಕೇಳಲ್ಲ."

ಟೈಲರಮ್ಮ ಕೂಸನ್ನು ಎದೆಗವಚಿಕೊಂಡು, ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿರಲು, ಸೊಸೆಯ ಹಿಂದೆಯೇ ಆಂಬ್ಯುಲೆನ್ಸ್ ಹತ್ತಿದರು. ಮಂಡಿನೋವು ನೆನಪಿಗೇ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅಭ್ಯಾಸಬಲದಿಂದ ಹಿರಿಯರ ಕಡೆಗೇ ತಿರುಗಿ, "ಏನಾಗ್ತಿದೆ ಇವರಿಗೆ?" ಎಂದರು.

"ನನ್ನೇನು ಕೇಳ್ತೀರಿ ಡಾಕ್ಟ್ರೇ? ಅವಳನ್ನ ಕೇಳಿ!" ಎಂದು ಟೈಲರಮ್ಮ ಗದರಿಬಿಟ್ಟರು.

ಸಮಯಕ್ಕೆ ಸರಿಯಾಗಿ ಔಷಧಿ ಬಿತ್ತು. ಐದು ದಿನಕ್ಕೆ ಸೊಸೆ ಮನೆಗೆ ಬಂದಳು. ಅದೇ ನೈಟಿ ಹಾಕಿಕೊಂಡರೆ ತೋಳು ಜೋಲಾಡುತ್ತಿತ್ತು. ತಾವು ಹೊಲಿದ ಬಟ್ಟೆ ಸಡಿಲವಾಯಿತೆಂದು ಟೈಲರಮ್ಮ ಸಂತೋಷದಿಂದ ಅತ್ತಿದ್ದು ಅದೇ ಮೊದಲು. ಅತ್ತು ಮುಗಿಸಿ ಬಟ್ಟೆ ಅಂಗಡಿಯವನಿಗೆ ಫೋನ್ ಮಾಡಿ, "ತಪ್ಪಾಯ್ತಪ್ಪಾ" ಎಂದರು. ಅವನಿಗೆ ಇಂದಿಗೂ ಏನೊಂದೂ ಅರ್ಥವಾಗಿಲ್ಲ.

ಈಗ ಕೂಸಿನ ಬಟ್ಟೆ ಹೊಲಿಸಲು ಯಾರು ಬಂದರೂ ಟೈಲರಮ್ಮ ಮೊದಲು ಹೆತ್ತವಳಿಗೆ ಫೋನ್ ಹಚ್ಚಿಸುತ್ತಾರೆ. "ತಲೆನೋವಿದೆಯಾ? ಕಣ್ಣು ಮಂಜಾ? ನೀನೇ ಹೇಳಮ್ಮಾ, ಫೋನು ನಿಮ್ಮತ್ತೆ ಕೈಗೆ ಕೊಡಬೇಡ."

ಅಕ್ಕಂದಿರೇ, ಅತ್ತೆಯರೇ, ಅಣ್ಣಂದಿರೇ, ನೀವೂ ಕೇಳಿ. ಹೆರಿಗೆಯಾಗಿ ಆರು ವಾರದೊಳಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಉಸಿರು ಕಟ್ಟುವುದು, ಜ್ವರ, ಮಿತಿಮೀರಿದ ರಕ್ತಸ್ರಾವ, ಫಿಟ್ಸ್, ಇವುಗಳಲ್ಲಿ ಯಾವುದೇ ಕಾಣಿಸಿದರೂ ನಾಳೆ ನೋಡೋಣ ಎನ್ನಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೊಟ್ಟಿಲು ನೋಡಲು ಹೋದಾಗ ಮೊದಲು ಹೆತ್ತವಳ ಪಕ್ಕದಲ್ಲಿ ಕೂತು, "ನೀನು ಹೇಗಿದ್ದೀಯಮ್ಮಾ?" ಎಂದು ಕೇಳಿ. ಉತ್ತರವನ್ನು ಅವಳೇ ಹೇಳುವ ತನಕ ಕಾಯಿರಿ.