ಹೆಜ್ಜೆಗಂಟು

ಇರುವೆಯೇ ಇರಬೇಕು, ಎಡಗೈ ಮಣಿಕಟ್ಟಿನ ಒಳಮೈಯಲ್ಲಿ, ಸಣ್ಣಗೆ, ಎರಡು ಸಲ — ಅಲ್ಲ, ಇರುವೆಯಲ್ಲ, ಹೆಜ್ಜೆ ಎಣಿಸುವ ಪಟ್ಟಿ, ಅದರ ಪುಟ್ಟ ಗಾಜಿನ ಮೇಲೆ ಅಕ್ಷರಗಳು ಹೊತ್ತಿಕೊಂಡಿವೆ, ಕೊಕ್ಕರೆ, ಒಂದು ಗಂಟೆಯಿಂದ ಕೂತೇ ಇದ್ದೀಯ, ಎದ್ದು ಓಡಾಡು ಎಂದು, ಮತ್ತು ಅವಳು ಕೊಕ್ಕರೆಯಲ್ಲ, ಕೊಕ್ಕರೆ ಎಂದರೆ ಅಕ್ಕ, ಉದ್ದ ಕಾಲಿನ ಅಕ್ಕ, ಹೆಸರೇನೆಂದು ಕೇಳಿದ ಯಂತ್ರಕ್ಕೂ ಅಡ್ಡಹೆಸರನ್ನೇ ಬರೆದುಕೊಟ್ಟ ಅಕ್ಕ, ಹೋಗಿ ಒಂಬತ್ತು ತಿಂಗಳಾಯಿತು, ಪಟ್ಟಿಗೆ ಆ ಸುದ್ದಿಯನ್ನು ಯಾರೂ ಹೇಳಿಲ್ಲ. ಅವಳು ಸೂಜಿಯನ್ನು ಗುಂಡಿಯ ನಾಲ್ಕನೇ ತೂತಿನಲ್ಲಿ ಹಾಗೇ ಬಿಟ್ಟು ಏಳುತ್ತಾಳೆ, ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಓಡಾಡಲು ಎಷ್ಟು ಜಾಗ, ಇಸ್ತ್ರಿ ಮೇಜಿನಿಂದ ಕನ್ನಡಿಯ ತನಕ ಹನ್ನೊಂದು ಹೆಜ್ಜೆ, ಕನ್ನಡಿಯಲ್ಲಿ ಒಬ್ಬಳು ಗುಂಡಗಿನವಳು ಎದುರಾಗುತ್ತಾಳೆ, ತಿರುಗಿಬಿಡು, ಮತ್ತೆ ಹನ್ನೊಂದು. ಕತ್ತರಿ ಮಾಸ್ತರು ಕನ್ನಡಕದ ಮೇಲಿಂದ ನೋಡಿ, ಏನಮ್ಮ ಗುಂಡಿ, ಕೈಗೆ ಕಟ್ಟಿದ ಯಜಮಾನ ಕರೆದ್ನಾ, ನಾನು ಕೂಗಿದ್ರೆ ಒಂದಿನಾನೂ ಹಿಂಗೆದ್ದಿಲ್ಲ ನೀನು, ಎನ್ನುತ್ತಾರೆ, ಎಂದವರೇ ತಲೆ ತಗ್ಗಿಸಿ ಕತ್ತರಿ ಎತ್ತಿಕೊಳ್ಳುತ್ತಾರೆ, ಪಟ್ಟಿ ಯಾರದೆಂದು ಅವರಿಗೆ ನೆನಪಾಗಿರಬೇಕು. ಗುಂಡಿ ಎಂಬುದೂ ಅಕ್ಕನಿಟ್ಟ ಹೆಸರೇ, ದುಂಡಗಿದ್ದಳಲ್ಲ, ಕುಳ್ಳಗೂ ಇದ್ದಳಲ್ಲ, ದೊಡ್ಡವಳಾಗಿ ನಿಜಕ್ಕೂ ಗುಂಡಿ ಹಚ್ಚುವ ಕೆಲಸಕ್ಕೇ ಸೇರಿದಾಗ ಅಕ್ಕ ಹೊಟ್ಟೆ ಹಿಡಿದು ನಕ್ಕಿದ್ದಳು, ನೋಡೇ, ನಾನು ನಿನಗೆ ಹೆಸರಿಡಲಿಲ್ಲ, ಜಾತಕ ಬರೆದೆ.

ಐದೂವರೆಗೆ ಎಂಟು ಸಾವಿರದ ನೂರು ಹೆಜ್ಜೆ. ಬೀದಿಯಲ್ಲಿ ಬಿಸಿಲು ಇನ್ನೂ ಗೋಡೆಗಳ ಎದೆಮಟ್ಟಕ್ಕಿದೆ, ಅವಳ ಎರಡು ತೋಳಿನ ಮೇಲೂ ಅಕ್ಕನ ಉದ್ದ ಕೋಟು, ನೀಲಿ ಉಣ್ಣೆಯದು, ಅಡ್ಡ ಹಾಸಿದಂತೆ, ಮಲಗಿದ ಮಗುವನ್ನು ಎತ್ತಿಕೊಂಡವಳ ಹಾಗೆ ನಡೆಯುತ್ತಾಳೆ, ಮಡಿಸಿ ಚೀಲಕ್ಕೆ ತುರುಕಿದರೆ ಭುಜ ಸುಕ್ಕಾಗುತ್ತದೆ. ಇವತ್ತು ಮಾಸ್ತರಿಗೆ ತೋರಿಸಲೆಂದು ತಂದಿದ್ದಳು, ಅವರು ಒಳಮೈ ತಿರುವಿ, ಬೆರಳಲ್ಲಿ ಹೊಲಿಗೆ ಸವರಿ, ಎರಡಿಂಚು ಬಟ್ಟೆ ಒಳಗಿದೆಯಮ್ಮ, ಪಕ್ಕ ಬಿಚ್ಚಿಬಿಡ್ತೀನಿ, ನಿನಗೆ ಸರಿಯಾಗತ್ತೆ, ಎಂದರು, ಬೇಡ ಎಂದಳು, ಮತ್ತೆ ಯಾಕೆ ತಂದೆ, ಗೊತ್ತಿಲ್ಲ. ಕೋಟು ಬಿಚ್ಚಬಾರದು, ಮೈ ಇಳಿಯಬೇಕು. ಅಕ್ಕ ಆಸ್ಪತ್ರೆಯ ಹಾಸಿಗೆಯ ಮೇಲಿಂದ ಹೇಳಿದ್ದು, ನನ್ನ ಕೋಟು ನಿನಗೇ ಕಣೆ, ಬಿಚ್ಚಬೇಡ, ಕತ್ತರಿಸಬೇಡ, ನೀನೇ ಅದರಷ್ಟು ಬೆಳಿ, ಆಗ ಸೊಂಟಕ್ಕೆ ಸರಿಯಾಗೇ ಬರುತ್ತಿತ್ತು, ಉದ್ದ ಮಾತ್ರ ಕಾಲಿಗೆ ತೊಡರುತ್ತಿತ್ತು, ಈಗ ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು, ಎತ್ತರ ಬೆಳಿ ಅಂದರೆ ಅಗಲ ಬೆಳೆದೆ, ಅಕ್ಕ ಇದ್ದಿದ್ದರೆ ಹಾಗೇ ಅನ್ನುತ್ತಿದ್ದಳು. ಅಕ್ಕ ಹೋದ ಮೇಲೆ ಏಳು ತಿಂಗಳು ಅವಳು ಕೂತಳು, ಕೂತಿದ್ದಕ್ಕೆ ಬೇರೆ ಹೆಸರಿಲ್ಲ, ಅಂಗಡಿಯಲ್ಲಿ ಕೂತಳು, ಮನೆಯಲ್ಲಿ ಕೂತಳು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು ಕೂತಳು, ಕಾಲು ಎತ್ತಿಟ್ಟರೆ ಏನೋ ಖರ್ಚಾಗಿಹೋಗುತ್ತದೆ ಎಂಬ ಹಾಗೆ.

ಎಂಟು ಸಾವಿರದ ಒಂಬೈನೂರು, ಬೇಕರಿಯ ಮೂಲೆ, ಒಲೆಯ ಬಿಸಿ ಉಸಿರು ಕೆನ್ನೆಗೆ, ಮೂಗು ಮುಚ್ಚಿಕೊಂಡು ದಾಟು, ಡಾಕ್ಟರಮ್ಮ ಸಕ್ಕರೆಯ ಅಂಕಿ ತೋರಿಸಿ ಹೇಳಿಲ್ಲವೇ, ಇನ್ನು ಮೂರು ತಿಂಗಳು ನೋಡ್ತೀನಿ, ಇಳಿದ್ರೆ ಸರಿ, ಇಲ್ಲಾಂದ್ರೆ ಮಾತ್ರೆ ಜೀವನಪೂರ್ತಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಎಣಿಸೋಕೆ ಏನಾದ್ರೂ ಇದೆಯಾ. ಇತ್ತು. ಅಕ್ಕನ ಆಸ್ಪತ್ರೆಯ ಸಾಮಾನಿನ ಜೊತೆ ಡಬ್ಬಿಯಲ್ಲಿ ಮನೆಗೆ ಬಂದದ್ದು, ಬಟ್ಟೆ ಬೀರುವಿನಲ್ಲಿತ್ತು, ಚಾರ್ಜಿಗೆ ಹಾಕಿದೊಡನೆ ಕಣ್ಣು ಬಿಟ್ಟು, ಮತ್ತೆ ಸಿಕ್ಕಿದೆಯಲ್ಲ ಕೊಕ್ಕರೆ, ಎಂದಿತು, ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಮೊನ್ನೆ ಡಾಕ್ಟರಮ್ಮ ಫೋನಿನಲ್ಲಿ ಎರಡು ತಿಂಗಳ ಗೆರೆಗಳನ್ನು ನೋಡಿದರು, ಒಂದೇ ಎತ್ತರದ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ, ಒಂಬತ್ತು ಸಾವಿರದ ಒಂಬೈನೂರು, ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತು, ಒಂಬೈನೂರ ನಲವತ್ತು, ಒಂದು ದಿನವೂ ಹತ್ತು ಮುಟ್ಟಿಲ್ಲ, ಏನಮ್ಮ ಇದು, ಮುಷ್ಕರಾನಾ, ಇನ್ನು ಐವತ್ತು ಹೆಜ್ಜೆ ಹಾಕಿದ್ರೆ ಗಂಟೇನು ಹೋಗತ್ತೆ, ಎಂದು ನಕ್ಕರು, ಗಂಟು ಎಂಬ ಮಾತನ್ನು ಎಲ್ಲಿಂದ ತಂದರೋ. ಮತ್ತೆ, ಇದರಲ್ಲಿ ಎತ್ತರ, ತೂಕ, ಹೆಜ್ಜೆಯ ಉದ್ದ ಎಲ್ಲಾ ಬೇರೆಯವರದಿದೆ, ಕಿಲೋಮೀಟರ್ ಲೆಕ್ಕ ಪೂರಾ ಸುಳ್ಳು, ಅಳಿಸಿ ನಿಮ್ಮ ಹೆಸರಲ್ಲಿ ಶುರು ಮಾಡಿ. ಮಾಡ್ತೀನಿ ಎಂದಳು. ಅಳಿಸಿದರೆ ಹಿಂದಿನದೂ ಅಳಿಸುತ್ತದೆ, ಆ ನಾಲ್ಕು ತಿಂಗಳು, ಆ ಕೊನೆಯ ದಿನ, ಹತ್ತು ಸಾವಿರ ಮುಟ್ಟಿದ ಆ ಕೊನೆಯ ಗೆರೆ.

ಗಂಟು ಅಜ್ಜಿಯ ಕತೆಯದು. ಹುಟ್ಟುವಾಗಲೇ ಪ್ರತಿಯೊಬ್ಬರ ಬೆನ್ನಿಗೂ ಒಂದು ಗಂಟು ಕಟ್ಟಿ ಕಳಿಸುತ್ತಾರಂತೆ, ಅದರ ತುಂಬ ಹೆಜ್ಜೆಗಳು, ಕಾಳಿನ ಹಾಗೆ, ಇಷ್ಟೇ ಅಂತ ಎಣಿಸಿ ಹಾಕಿದ್ದು, ಒಂದೊಂದು ಹೆಜ್ಜೆಗೂ ಒಂದೊಂದು ಕಾಳು ಉದುರುತ್ತದೆ, ಗಂಟು ಬರಿದಾದ ದಿನ ನಡೆದವನು ಎಲ್ಲಿದ್ದಾನೋ ಅಲ್ಲೇ ಕೂರುತ್ತಾನೆ, ಮತ್ತೆ ಏಳುವುದಿಲ್ಲ. ಒಂದೂರಲ್ಲಿ ಇಬ್ಬರು ಅಕ್ಕತಂಗಿಯರು, ಅಕ್ಕನ ಗಂಟು ಚಿಕ್ಕದು, ತಂಗಿಯ ಗಂಟು ದೊಡ್ಡದು, ಅಷ್ಟರಲ್ಲಿ ಅಜ್ಜಿಗೆ ನಿದ್ದೆ, ಯಾವಾಗಲೂ ಅಷ್ಟರಲ್ಲೇ, ಬಾಯಿ ತೆರೆದುಕೊಂಡು, ಕತೆ ಅರ್ಧಕ್ಕೆ, ಆಮೇಲೆ ಏನಾಯ್ತೇ ಎಂದು ಅವಳು ಅಕ್ಕನನ್ನು ಗಿಲ್ಲಬೇಕು, ಅಕ್ಕ ಕತ್ತಲಲ್ಲಿ ಉಳಿದರ್ಧ ಹೊಸೆಯಬೇಕು, ದಿನಕ್ಕೊಂದು ಥರ, ಒಂದು ದಿನ ತಂಗಿ ಕಾಳು ಸಾಲ ಕೊಡುತ್ತಾಳೆ, ಇನ್ನೊಂದು ದಿನ ಇಬ್ಬರೂ ಗಂಟು ಬದಲಾಯಿಸಿಕೊಳ್ಳುತ್ತಾರೆ, ಮತ್ತೊಂದು ದಿನ ಇಲಿ ತಿಂದುಹೋಗುತ್ತದೆ. ಯಾವುದು ನಿಜವಾದ ಕೊನೆ. ಕೇಳಿಟ್ಟುಕೊಳ್ಳಬೇಕಿತ್ತು.

ಒಂಬತ್ತು ಸಾವಿರದ ಇನ್ನೂರು. ದೀಪ ಕೆಂಪು, ನಿಲ್ಲು. ನಿಂತಾಗ ಅಂಕಿಯೂ ನಿಲ್ಲುತ್ತದೆ, ಒಳ್ಳೆಯ ಜೀವಿ, ನಿಂತರೆ ಕೇಳುವುದಿಲ್ಲ. ಅಕ್ಕನ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತ ಬಂದಿತ್ತು, ಆರು ಸಾವಿರ, ಎರಡು ಸಾವಿರ, ನಾನೂರು, ಆಮೇಲೆ ಹಾಸಿಗೆಯಿಂದ ಬಚ್ಚಲಿಗೆ ಹೋಗಿಬಂದ ಇಪ್ಪತ್ತಾರು, ಒಂದು ದಿನ ಸೊನ್ನೆ, ಆ ಸೊನ್ನೆಯನ್ನು ನೋಡಿ ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು, ಹೆಸರು ಹೇಳಲಾರದ ಆ ಕಾಯಿಲೆಗೂ ಅಳದವಳು ಒಂದು ಸೊನ್ನೆಗೆ. ಆಗ ಅವಳೇ, ಈ ಗುಂಡಿಯೇ, ಕೊಡಿಲ್ಲಿ ಎಂದು ಅಕ್ಕನ ಕೈಯಿಂದ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು, ನಿನ್ನ ಪಾಲಿಂದು ನಾನು ನಡೀತೀನಿ, ನೀನು ಮಲಗಿ ಫೋನಲ್ಲಿ ನೋಡ್ತಾ ಇರು. ವಾರ್ಡಿನ ಮುಂದಿನ ಉದ್ದನೆಯ ಓಣಿ, ಬಾಗಿಲಿಂದ ಕೊನೆಯ ಕಿಟಕಿಗೆ ನಲವತ್ತು, ವಾಪಸು ನಲವತ್ತು, ಹಸಿರು ನೆಲ, ಫಿನೈಲು, ಇಷ್ಟುದ್ದ ಕಾಲಿನ ಕೊಕ್ಕರೆ ಹೆಸರಲ್ಲಿ ಈ ಬಾತುಕೋಳಿ ನಡಿಗೆ, ಅಕ್ಕ ಒಳಗಿಂದ ಕೂಗುತ್ತಿದ್ದಳು, ಬೇಗ ಹೆಜ್ಜೆ ಹಾಕೇ, ನನ್ನ ಮಾನ ಹೋಗತ್ತೆ, ಹತ್ತು ಸಾವಿರವಾದೊಡನೆ ಗಾಜಿನ ಮೇಲೆ ಬಣ್ಣಬಣ್ಣದ ಹೂವು ಅರಳುತ್ತಿತ್ತು, ಫೋನಿನಲ್ಲೂ ಅದೇ ಹೂವು, ಕೊಕ್ಕರೆ, ಗುರಿ ಮುಟ್ಟಿದೆ, ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು, ತಟ್ಟಲಾಗದ ಮೇಲೆ ಎರಡು ಬೆರಳು ಎತ್ತುತ್ತಿದ್ದಳು. ನಾಲ್ಕು ತಿಂಗಳು. ದಿನಾ ಹತ್ತು ಸಾವಿರ. ಕೊಕ್ಕರೆಯ ಹೆಸರಲ್ಲಿ. ಹೆಸರು ಯಾರದೋ ಕಾಳು ಅವರದೇ ಉದುರುವುದಲ್ಲವೇ, ಇದು ಆಗ ಏಕೆ ಹೊಳೆಯಲಿಲ್ಲ, ಚಿಕ್ಕ ಗಂಟಿನವಳ ಗಂಟಿಗೆ ಕೈಹಾಕಿ ದಿನಾ ಹತ್ತು ಸಾವಿರ ಕಾಳು ಓಣಿಯುದ್ದಕ್ಕೂ ಚೆಲ್ಲಿದವಳು ಯಾರು, ಮಲಗಿದವಳನ್ನು ಓಡಿಸಿದವಳು ಯಾರು — ಹುಚ್ಚಿ, ಅಜ್ಜಿಯ ಕತೆ ಅದು, ಮಾಸ್ತರಿಗೆ ಹೇಳಿದರೆ ಟೇಪಿನಲ್ಲಿ ಹೊಡೆಯುತ್ತಾರೆ. ದೀಪ ಹಸಿರು.

ಒಂಬತ್ತು ಸಾವಿರದ ಆರುನೂರು, ಈ ಅಂಕಿಯನ್ನು ನೋಡಬಾರದು, ಆ ಮಧ್ಯಾಹ್ನವೂ ಇಷ್ಟೇ ಇತ್ತು, ಬೆಳಗಿನಿಂದ ನಡೆದು ಸಾಕಾಗಿ ಅವಳು ಸ್ಟೂಲಿನ ಮೇಲೆ ಕೂತಿದ್ದಳು, ಅಕ್ಕನ ಉಸಿರು ಆ ದಿನ ಮೆಟ್ಟಿಲು ಹತ್ತುತ್ತಿರುವವರ ಉಸಿರಿನ ಹಾಗಿತ್ತು, ಇವತ್ತು ಬಿಡೇ, ಇಲ್ಲೇ ಕೂರ್ತೀನಿ ಎಂದಳು, ಅಕ್ಕ ಕಣ್ಣು ಬಿಟ್ಟು, ಇಲ್ಲ, ಹೋಗು, ಇನ್ನು ನಾನೂರೂ ಇಲ್ಲ, ಐದು ಸುತ್ತು, ಮುಗಿಸ್ಕೊಂಡು ಬಾ. ಆಮೇಲೆ ಹೋಗ್ತೀನಿ. ಈಗ್ಲೇ ಹೋಗು ಗುಂಡಿ, ನಾನು ನೋಡ್ತಿರ್ತೀನಿ. ಹೋದಳು. ಒಂದು ಸುತ್ತು, ಎರಡು, ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಚೈನು ಹಾಕುತ್ತಿದ್ದರು, ನಿಂತು ನೋಡಿದಳು ಕೂಡ, ಎಷ್ಟು ಹೊತ್ತು, ಮೂರು, ನಾಲ್ಕು, ಐದನೆಯದಕ್ಕೆ ಕಿಟಕಿಯಿಂದ ತಿರುಗಿದಾಗ ಓಣಿಯ ಆ ತುದಿಯಲ್ಲಿ ಅಕ್ಕನ ಬಾಗಿಲು ಅರ್ಧ ತೆರೆದಿತ್ತು, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಅದು, ಮುಚ್ಚದಂತೆ ನರ್ಸಮ್ಮ ಒಂದು ಕಾಲು ಅಡ್ಡ ಇಟ್ಟು ನಿಂತಿದ್ದರು, ಬಿಳಿ ಬೂಟು, ಕರೆಯಲಿಲ್ಲ, ಕೈ ಬೀಸಲಿಲ್ಲ, ಬೂಟು ಮಾತ್ರ, ಅವಳು ಅದನ್ನೇ ನೋಡುತ್ತ ನಡೆದಳು, ಓಡಲಿಲ್ಲ, ಯಾಕೆ ಓಡಲಿಲ್ಲ, ಬಾಗಿಲಿಗೆ ಆರು ಹೆಜ್ಜೆ ಇರುವಾಗ ಮಣಿಕಟ್ಟು ನಡುಗಿತು, ಹೂವು ಅರಳಿತು, ಕೊಕ್ಕರೆ, ಗುರಿ ಮುಟ್ಟಿದೆ. ಫೋನು ಎದೆ ಮೇಲೇ ಇತ್ತಮ್ಮ, ನರ್ಸಮ್ಮ ಆಮೇಲೆ ಹೇಳಿದರು, ಎಣಿಸ್ತಾ ಇದ್ರು, ಬಾಯಲ್ಲಿ ಎಣಿಸ್ತಾ ಇದ್ರು. ಎಷ್ಟರ ತನಕ, ಎಂದು ಅವಳು ಕೇಳಲಿಲ್ಲ.

ನೋಡ್ತಿರ್ತೀನಿ ಎಂದವಳು ನೋಡಲೆಂದು ಕಳಿಸಿದಳೋ, ನೋಡದಿರಲಿ ಎಂದು ಕಳಿಸಿದಳೋ — ಮನೆಯ ಕೆಳಬಾಗಿಲು, ತಣ್ಣನೆಯ ಕಬ್ಬಿಣ, ಮನೆ ಮೂರನೇ ಮಹಡಿಯಲ್ಲಿ, ಮೆಟ್ಟಿಲು ತಿರುಗುವ ಮೊದಲ ಅಂಕಣದಲ್ಲಿ ಅವಳು ದಿನಾ ನಿಲ್ಲುತ್ತಾಳೆ, ಹೂವು ಅರಳುವ ಮೊದಲೇ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ, ಉಳಿದ ಮೆಟ್ಟಿಲು ಯಾರ ಲೆಕ್ಕಕ್ಕೂ ಇಲ್ಲ, ಇವತ್ತು ಎರಡು ಕೈಯಲ್ಲೂ ಕೋಟು, ಇಳಿಸಬೇಕೆಂದರೆ ಮೆಟ್ಟಿಲ ಮೇಲೆ ದೂಳು, ಇನ್ನೊಂದು ಅಂಕಣಕ್ಕೆ ಹೋಗಿ ಇಳಿಸಿದರಾಯಿತು, ಎಣಿಸ್ತಾ ಇದ್ರು, ತುಟಿಯಲ್ಲಿ, ಅಂದರೆ ಅಕ್ಕ ಓಣಿಯಲ್ಲೇ ಇದ್ದಳು, ಪಕ್ಕದಲ್ಲೇ, ಕಿಟಕಿಯ ತನಕ ಬಂದಳು, ಸೈಕಲ್ಲಿನ ಚೈನು ನೋಡುತ್ತ ನಿಂತಾಗ ಅಂಕಿ ನಿಂತಿತು, ಅಕ್ಕನೂ ಕಾಯುತ್ತ ನಿಂತಿರಬೇಕು, ನಡೀ ಗುಂಡಿ ಎಂದಿರಬೇಕು, ಆಗ ಅವಳು ನಡೆದಿದ್ದರೆ, ಆ ಚೈನು ನೋಡದೆ ನಡೆದಿದ್ದರೆ, ಹೂವು ಇನ್ನೊಂದು ನಿಮಿಷ ಮೊದಲು ಅರಳಿದ್ದರೆ, ಕಣ್ಣಿನಲ್ಲಿ ಬೆಳಕಿರುವಾಗಲೇ, ಎರಡನೇ ಅಂಕಣವೂ ದಾಟಿತು, ಮೊಣಕಾಲು ಉರಿಯುತ್ತದೆ, ಅಕ್ಕನ ತೋಳು, ಕೋಟಿನ ಖಾಲಿ ತೋಳು, ಅವಳ ಮಣಿಕಟ್ಟಿನ ಮೇಲೆ ಜಾರಿ ಬಿದ್ದಿದೆ, ಅದರಡಿಯಲ್ಲಿ ಇರುವೆ ಕಚ್ಚಿದ ಹಾಗೆ, ಸಣ್ಣಗೆ, ಅಲ್ಲ, ಸಣ್ಣಗಲ್ಲ, ಉದ್ದಕ್ಕೆ, ನಡುಗುತ್ತಿದೆ, ನಿಲ್ಲುತ್ತಿಲ್ಲ, ಉಣ್ಣೆಯ ಅಡಿಯಲ್ಲಿ ಎಲ್ಲೋ ಬಣ್ಣಬಣ್ಣದ ಹೂವು ಅರಳಿದೆ, ನೀಲಿ ತೋಳನ್ನು ಒಂದು ಬೆರಳಷ್ಟು ಸರಿಸಿದರೆ ಕಾಣುತ್ತದೆ, ಸರಿಸು, ಅವಳ ಪಾಲಿಂದೂ ನೀನೇ ನೋಡು, ಸರಿಸು, ಮೆಟ್ಟಿಲ ತುದಿಯಲ್ಲಿ ಅವಳದೇ ಬಾಗಿಲು, ಮುಚ್ಚಿದೆ, ಬೀಗ ಹಾಕಿದ್ದು ಅವಳೇ, ಆದರೂ ಅವಳ ಕಣ್ಣಿಗೆ ಆ ದಿನದ ಬಾಗಿಲಿನ ಹಾಗೇ ಅರ್ಧ ತೆರೆದಿದೆ, ಇನ್ನು ಆರು ಹೆಜ್ಜೆ, ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟ ಬಿಳಿ ಬೂಟು, ಅದರ ಲೇಸು ಒಂದು ಕಡೆ ಬಿಚ್ಚಿದೆ, ಬಿಳಿ ಬೂಟು, ಬಿಳಿ —