ಹಗ್ಗದ ಮೇಲಿನ ಕೆಂಪು ಬಟ್ಟೆ

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹಿತ್ತಲಿಗೆ ಬಂದ ಕಿಡಿ, ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದ ಬಟ್ಟೆಗಳನ್ನು ನೋಡಿ ನಿಂತ. ಎಲ್ಲ ಗ್ಯಾರೇಜಿನವು. ಎಣ್ಣೆ ಒರೆಸಿದವು, ಚೈನ್ ಉಜ್ಜಿದವು, ಈವರೆಗೆ ಸೋಪಿನ ಮುಖ ಕಾಣದವು, ಇವತ್ತು ಮದುವೆಗೆ ಹೊರಟವರ ಹಾಗೆ ಮಿರಮಿರ ಮಿಂಚುತ್ತಿದ್ದವು. ಅಕ್ಕ ತವರಿಗೆ ಬಂದಳೆಂದರೆ ಹೀಗೇ. ಬ್ಯಾಗು ಇಳಿಸುವ ಮುಂಚೆ ಪೊರಕೆ ಹಿಡಿಯುವವಳು. ಸಾಲಿನ ಕೊನೆಯಲ್ಲಿ ಒಂದು ಕೆಂಪು ಬಟ್ಟೆ ಇನ್ನೂ ನೀರು ತೊಟ್ಟಿಕ್ಕಿಸುತ್ತಿತ್ತು.

ಬ್ರಷ್ ಬಾಯಿಂದ ಕೆಳಗೆ ಬಿತ್ತು.

ಆ ಅಂಗಡಿಯಲ್ಲಿ ಕೆಂಪು ಬಟ್ಟೆ ಇದ್ದದ್ದು ಒಂದೇ, ಅದಕ್ಕಿದ್ದ ಕೆಲಸವೂ ಒಂದೇ. ರಿಪೇರಿ ಅರ್ಧಕ್ಕೆ ನಿಂತ ಬೈಕಿನ ಹ್ಯಾಂಡಲ್‌ಗೆ ಕಿಡಿ ಅದನ್ನು ಕಟ್ಟುತ್ತಿದ್ದ. ಕೆಂಪು ಕಟ್ಟಿದ್ದರೆ ಬೈಕು ಬಾಡಿಗೆಗೆ ಹೋಗುವಂತಿಲ್ಲ. ಅಪ್ಪನ ಕಾಲದಲ್ಲಿ ಈ ಪದ್ಧತಿ ಇರಲಿಲ್ಲ, ಅಪ್ಪನಿಗೆ ಎಲ್ಲವೂ ತಲೆಯಲ್ಲೇ ಇರುತ್ತಿತ್ತು. ಅಪ್ಪ ಹೋದ ಮೇಲೆ ಕಿಡಿ ತಾನೇ ಮಾಡಿಕೊಂಡದ್ದು. ಅಷ್ಟು ಹೊತ್ತಿಗೆ ಅಕ್ಕ ಮದುವೆಯಾಗಿ ದೋಣಿ ಹತ್ತಿ, ಸಮುದ್ರದಾಚೆಯ ಊರಿಗೆ ಹೋಗಿಯಾಗಿತ್ತು.

ಅವನು ಅಂಗಡಿಯ ಮುಂಭಾಗಕ್ಕೆ ಓಡಿದ. ಬಿಳಿ ಸೀಟಿನ ಬೈಕು ಇರಲಿಲ್ಲ, ಹೊಸಿಲಲ್ಲಿ ಅಕ್ಕ ಭಾವನ ಚಪ್ಪಲಿಗಳೂ ಇರಲಿಲ್ಲ.

ನಿನ್ನೆ ಸಂಜೆ ಅದರ ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಶೂ ಬದಲಾಯಿಸಿ, ಚಕ್ರ ಮತ್ತೆ ಕೂರಿಸಿದ್ದ. ಚಕ್ರವನ್ನು ಹಿಡಿದಿಡುವ ಆಕ್ಸಲ್ಲಿನ ನಟ್ಟನ್ನು ಬೆರಳಲ್ಲೇ ತಿರುಗಿಸಿ, ಬಿಗಿ ಮಾಡಲು ಸ್ಪ್ಯಾನರ್ ಎತ್ತಿಕೊಂಡಿದ್ದ. ಆಗಲೇ ಭಾವ ಹೊಸಿಲ ಮೇಲೆ ಬಂದು ನಿಂತಿದ್ದು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ನಮ್ಮ ಗೋಡೌನಲ್ಲಿ ಒಂದು ಜಾಗ ಖಾಲಿ ಇದೆ ಕಣಪ್ಪ. ಓದಂತೂ ಬಿಟ್ಟೆ. ಇನ್ನೆಷ್ಟು ದಿನ ಹೀಗೆ ನಟ್ಟು ತಿರುಗಿಸ್ಕೊಂಡು ಕೂತಿರ್ತೀಯ?"

"ನಟ್ಟು ತಿರುಗಿಸೋನು ಇಲ್ದಿದ್ರೆ ನಿಮ್ಮಂಥೋರೆಲ್ಲ ರಸ್ತೇಲಿ ಬಿದ್ದಿರ್ತೀರ. ತಿಳ್ಕೊಳ್ಳಿ."

"ಅಯ್ಯೋ, ನಾನು ಒಳ್ಳೇದಕ್ಕೇ ಹೇಳಿದ್ದು..."

"ನಿಮ್ಮ ಒಳ್ಳೇದು ನೀವೇ ಇಟ್ಕೊಳ್ಳಿ!"

ಸ್ಪ್ಯಾನರ್ ಗೋಡೆಗೆ ಬಡಿದು ಎಲ್ಲೋ ಬಿದ್ದಿತ್ತು. ಕೋಪದಲ್ಲಿಯೂ ಕೈ ಅಭ್ಯಾಸ ಮರೆಯದೆ ಕೆಂಪು ಬಟ್ಟೆ ಕಟ್ಟಿತ್ತು. ಆಮೇಲೆ ಕಿಡಿ ಕಡಲ ದಂಡೆಗೆ ಹೋಗಿ ಕೂತವನು ಎಲ್ಲರೂ ಮಲಗಿದ ಮೇಲೆಯೇ ಮನೆಗೆ ಬಂದಿದ್ದ.

ಅಕ್ಕನಿಗೆ ಫೋನ್ ಮಾಡಿದ. ಒಳಗಿನ ಮೇಜಿನ ಮೇಲೆ, ಚಾರ್ಜಿಗೆ ಹಾಕಿದ್ದ ಅವಳ ಫೋನು ಗುನುಗಿತು. ಭಾವನ ನಂಬರ್ ಅವನ ಹತ್ತಿರ ಇರಲಿಲ್ಲ. ಮದುವೆಯಾದಾಗಲೇ ಅಕ್ಕ ಕಳಿಸಿದ್ದಳು. ಸೇವ್ ಮಾಡಿಕೊಳ್ಳದೇ ಇರುವುದೂ ಒಂದು ಸ್ವಾಭಿಮಾನ ಎಂದುಕೊಂಡು ಅಳಿಸಿ ಹಾಕಿದ್ದ. ಆ ನಟ್ಟಿಗೆ ಆಗುವ ಒಂದೇ ಸ್ಪ್ಯಾನರ್ ಹುಡುಕಿದ. ಬೆಂಚಿನ ಕೆಳಗೆ ಇಲ್ಲ, ಟೈರುಗಳ ಸಂದಿಯಲ್ಲಿ ಇಲ್ಲ. ಥೂ, ಎಂದು ಬರಿಗೈಯಲ್ಲೇ ತನ್ನ ಬೈಕು ಹತ್ತಿದ.

ರಸ್ತೆ ದ್ವೀಪದ ಸುತ್ತ ಬಳೆಯಂತೆ ಒಂದೇ ಇತ್ತು. ಎರಡು ಕಡೆಯಿಂದಲೂ ಸುತ್ತಬಹುದು. ಎಡಕ್ಕೆ ಹೋದರೆ ಗುಡ್ಡದ ಇಳಿಜಾರು ಕೊನೆಗೆ ಏರಾಗಿ ಸಿಗುತ್ತದೆ. ಬಲಕ್ಕೆ ಹೋದರೆ ಮೊದಲು ಮರಳ ದಂಡೆ, ಆಮೇಲೆ ದೀಪಸ್ತಂಭದ ಗುಡ್ಡ, ಅಲ್ಲಿಂದ ಕೊಲ್ಲಿಗೆ ನೆಟ್ಟಗೆ ಬೀಳುವ ಇಳಿಜಾರು; ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ರಸ್ತೆ ಕವಲಾಗುವಲ್ಲಿ ಎಳನೀರು ಮಾರುವ ಅಜ್ಜಿ ಕೂತಿದ್ದಳು.

"ಅಜ್ಜಿ, ನಮ್ಮಕ್ಕ ಯಾವ ಕಡೆ ಹೋದ್ಳು?"

"ಬೆಳಬೆಳಗ್ಗೆ ಯಾರ ಮೇಲಪ್ಪ ಯುದ್ಧ? ಮುಖ ತೊಳ್ಕೊಂಡಾದ್ರೂ ಬರಬಾರ್ದಾ, ಬಾಯೆಲ್ಲ ಪೇಸ್ಟು."

"ಅಜ್ಜೀ!"

"ಬಲಕ್ಕೆ ಹೋದ್ರು ಮಾರಾಯ. ನಿಮ್ಮ ಭಾವ ಎಂಥಾ ಮನುಷ್ಯ ಗೊತ್ತಾ? ತಾನೊಂದು ಕುಡಿದು ನಂಗೊಂದು ಕೊಡಿಸ್ದ. ನನ್ನ ಅಂಗ್ಡೀಲಿ ನಂಗೇ! ನೀನು ಇಷ್ಟು ವರ್ಷದಲ್ಲಿ ಯಾವತ್ತಾದ್ರೂ..."

ಉಳಿದದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು.

ಬಿಸಿಲು ಆಗಲೇ ಡಾಂಬರಿನ ಮೇಲೆ ನಡುಗುತ್ತಿತ್ತು. ಎಡಗಡೆ ತೆಂಗಿನ ಮರಗಳು, ಬಲಗಡೆ ಸಮುದ್ರ. ಜನ ದುಡ್ಡು ಕೊಟ್ಟು ನೋಡಲು ಬರುವ ಆ ಹಸಿರು ಯಾವುದೂ ಕಿಡಿಗೆ ಕಾಣಲಿಲ್ಲ. ಪ್ರತಿ ತಿರುವಿನಲ್ಲೂ ಬಗ್ಗಿ ನೋಡುತ್ತಿದ್ದ, ದಾಟಿದ ಮೇಲೆ ಉಸಿರು ಬಿಡುತ್ತಿದ್ದ. ಯಾರಿಗೆ ಬಯ್ಯಬೇಕೋ ತಿಳಿಯದೆ ಎಲ್ಲರಿಗೂ ಬಯ್ದ. ಕೇಳದೆ ಬೈಕು ತೆಗೆದುಕೊಂಡು ಹೋದ ಭಾವನಿಗೆ, ಕಂಡದ್ದನ್ನೆಲ್ಲ ಒಗೆಯುವ ಅಕ್ಕನಿಗೆ, ಹೊತ್ತೇರುವವರೆಗೆ ಮಲಗಿದ್ದ ತನಗೆ.

ಮರಳ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದವನು ತಲೆ ಎತ್ತದೇ ಹೇಳಿದ: "ಆಗಲೇ ಹೋದ್ರು. ಹಿಂದಿನ ಚಕ್ರ ಯಾಕೋ ಸೊಂಟ ಕುಣಿಸ್ತಿದೆ ಅಂದೆ. ನಿಮ್ಮ ದ್ವೀಪದ ರಸ್ತೆನೇ ಹಂಗಲ್ವಾ ಅಂತ ನಕ್ಕುಬಿಟ್ಟ ಪುಣ್ಯಾತ್ಮ."

ಕಿಡಿ ಏರು ಹತ್ತಿದ. ದೀಪಸ್ತಂಭದ ಕೆಳಗೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಬಿಸ್ಕತ್ತಿನ ಖಾಲಿ ಕವರನ್ನು ಯಾರೋ ನೀಟಾಗಿ ನಾಲ್ಕು ಮಡಿಕೆ ಮಾಡಿ, ಹಾರದಂತೆ ಕಲ್ಲು ಹೇರಿಟ್ಟಿದ್ದರು. ಅಕ್ಕನ ಕೈ. ಕೆಳಗೆ ಇಳಿಜಾರು ಬಾಯಿ ತೆರೆದುಕೊಂಡಿತ್ತು.

ಎರಡನೇ ತಿರುವಿನಲ್ಲಿ ರಸ್ತೆಯ ಮಧ್ಯೆ ಏನೋ ಹೊಳೆಯಿತು. ಬೈಕು ನಿಲ್ಲಿಸಿ ಇಳಿದ. ನಟ್ಟು. ಎತ್ತಿಕೊಂಡ. ಬಿಸಿಲಿಗೆ ಕಾದು ಅಂಗೈ ಸುಡುತ್ತಿತ್ತು.

ಅಲ್ಲಿಂದ ಕೆಳಗೆ ಹೇಗೆ ಹೋದ ಎಂಬುದು ಅವನಿಗೇ ಗೊತ್ತಾಗಲಿಲ್ಲ. ನಟ್ಟು ಹಿಡಿದ ಮುಷ್ಟಿಯನ್ನು ಬಿಚ್ಚದೆ, ಬರೀ ಎರಡು ಬೆರಳಲ್ಲಿ ಬ್ರೇಕ್ ಒತ್ತುತ್ತ, ಪ್ರತಿ ತಿರುವಿನ ಅಂಚಿನಾಚೆ ಕಣ್ಣು ಹಾಯಿಸುತ್ತ ಇಳಿದ. ಬಂಡೆಗಳು. ನೊರೆ. ಬಿಳಿಯದೊಂದು ಕಂಡು ಜೀವ ಬಾಯಿಗೆ ಬಂತು. ಕೊಕ್ಕರೆ, ಎದ್ದು ಹಾರಿತು.

ಕೊಲ್ಲಿಯ ಮರಳಲ್ಲಿ ಬೈಕು ಮಗ್ಗುಲಾಗಿ ಬಿದ್ದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಅಕ್ಕಾ!"

ಅವಳು ಬಂಡೆಯ ಹಿಂದಿನಿಂದ ಬಂದಳು. ಎರಡೂ ಕೈ ಮುಂದಕ್ಕೆ ಚಾಚಿಕೊಂಡು, ಬೆರಳುಗಳಿಂದ ನೀರು ಸುರಿಸುತ್ತ. ಬೆರಳೆಲ್ಲ ಕೆಂಪು.

ಕಿಡಿ ಬೈಕು ಬಿಟ್ಟುಬಿಟ್ಟ. ಅದು ಎಲ್ಲಿ ಬಿತ್ತೋ ನೋಡಲಿಲ್ಲ. ಓಡಿ ಹೋಗಿ ಅವಳ ಮಣಿಕಟ್ಟು ಹಿಡಿದ. "ರಕ್ತ... ಎಲ್ಲಿ... ಎಲ್ಲಿ ತಾಗ್ತು?"

"ರಕ್ತ ಅಲ್ವೋ ಹುಚ್ಚ. ನಿನ್ನ ದರಿದ್ರ ಬಟ್ಟೆ ಬಣ್ಣ! ಬೆಳಗ್ಗೆ ಹ್ಯಾಂಡಲ್‌ಗೆ ಗಂಟು ಹಾಕಿತ್ತಲ್ಲ, ಅದು. ಉಜ್ಜಿದಷ್ಟೂ ಬಿಡ್ತಾನೇ ಇತ್ತು. ಸಮುದ್ರದ ನೀರಿಗೂ ಹೋಗ್ತಿಲ್ಲ ನೋಡು." ಅವಳು ನಗಲು ನೋಡಿದಳು, ಆಗಲಿಲ್ಲ. "ನೀನ್ಯಾಕೆ ಬಂದೆ? ಏನಾಗಿದೆ ಮುಖಕ್ಕೆ, ಪೇಸ್ಟು..."

ಭಾವ ನೀರಿನ ಅಂಚಿನಿಂದ ಎದ್ದು ಬಂದ. ಇಸ್ತ್ರಿ ಅಂಗಿಯ ಒಂದು ತೋಳು ಹರಿದಿತ್ತು, ಮೊಣಕೈ ತರಚಿತ್ತು.

"ಕಡೇ ತಿರುವಲ್ಲಿ ಚಕ್ರ ಪೂರ್ತಿ ಓಲಾಡಿಬಿಡ್ತು. ರಸ್ತೆ ಬಿಟ್ಟು ಮರಳಿಗೆ ನುಗ್ಗಿಸ್ದೆ. ಇನ್ನೇನು ಮಾಡೋಕೂ ತೋಚ್ಲಿಲ್ಲ." ಬೈಕಿನ ಕಡೆ ಕೈ ತೋರಿಸಿದ. "ಅಲ್ಲೊಂದು ನಟ್ಟೇ ಇಲ್ಲ ಕಣೋ."

ಕಿಡಿ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಆರು ಮೂಲೆಯ ಗುರುತು ಮೂಡಿತ್ತು.

"ಎಲ್ಲಿ ಸಿಕ್ತು?"

"ಮೇಲೆ. ಎರಡನೇ ತಿರುವಲ್ಲಿ."

ಭಾವ ತಲೆ ಎತ್ತಿ, ಬೆಟ್ಟದ ಮೈಮೇಲೆ ಹಾವಿನಂತೆ ಸುತ್ತಿ ಬರುವ ರಸ್ತೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಹೆಂಗೆ ಬಿಚ್ಕೊಳ್ತು?"

"ನಾನು ಬಿಗಿ ಮಾಡಿರ್ಲಿಲ್ಲ."

"ಬಿಗಿ ಮಾಡ್ದೆ ಮುಂದೆ ನಿಲ್ಸಿದ್ಯಾ?" ಭಾವನ ಗಂಟಲು ಏರಿದ್ದನ್ನು ಕಿಡಿ ಕೇಳಿದ್ದು ಅದೇ ಮೊದಲು. "ಒಂದು ಗುರುತಾದ್ರೂ ಬೇಡ್ವೇನೋ? ಒಂದು ಚೀಟಿ, ಒಂದು ದಾರ, ಏನಾದ್ರೂ? ಇವಳು ಹಿಂದೆ ಕೂತಿದ್ಳು ಕಣೋ! ಏನೂ ಗುರುತು ಇಡೋ ಅಭ್ಯಾಸನೇ ಇಲ್ವಾ ನಿಂಗೆ?"

ಉತ್ತರ ನಾಲಿಗೆಯ ತುದಿಗೆ ಬಂತು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಹಾಗೇ ಬಿಟ್ಟವನಲ್ಲ ಕಿಡಿ. ಮೇಷ್ಟ್ರಿಗೂ ಬಿಟ್ಟಿರಲಿಲ್ಲ, ಅಪ್ಪನಿಗೂ ಬಿಟ್ಟಿರಲಿಲ್ಲ. ಈಗ ಸಿಕ್ಕಿದ್ದಂತೂ ನಿಜವಾದ ಉತ್ತರ, ಒಂದೇ ಏಟಿಗೆ ಎದುರಿನವನ ಬಾಯಿ ಮುಚ್ಚಿಸುವಂಥದ್ದು. ಅಕ್ಕ ಸೀರೆಯ ಸೆರಗಿಗೆ ಕೆಂಪು ಬೆರಳು ಒರೆಸಿಕೊಳ್ಳುತ್ತಿದ್ದಳು.

"ಇರ್ಲಿಲ್ಲ," ಅಂದ. "ಮರೆತೆ."

ಭಾವನ ಉಸಿರು ನಿಧಾನಕ್ಕೆ ಇಳಿಯಿತು.

"ಸ್ಪ್ಯಾನರ್ ತಂದಿದ್ಯಾ?"

"ಇಲ್ಲ. ಅಂಗ್ಡೀಲಿದೆ. ಎಣ್ಣೆ ಡ್ರಮ್ಮಿನ ಹಿಂದೆ ಬಿದ್ದಿರಬೇಕು. ನಿನ್ನೆ ಎಸೆದ್ನಲ್ಲ."

"ನಾನು ಹೋಗಿ ತರ್ತೀನಿ. ನೀನು ಇವಳ ಹತ್ರ ಇರು." ಭಾವ ಕಿಡಿಯ ಬೈಕನ್ನು ಎತ್ತಿ ನಿಲ್ಲಿಸಿದ. ಹತ್ತಲು ಕಾಲೆತ್ತಿದವನು ಹಾಗೇ ನಿಂತ. "ಇದು... ಸರಿ ಇದ್ಯಾ?"

ನಿನ್ನೆಯಾದರೆ ಆ ಪ್ರಶ್ನೆಗೆ ದ್ವೀಪವೇ ಹೊತ್ತಿ ಉರಿಯುತ್ತಿತ್ತು. ಕಿಡಿ ಮರಳಲ್ಲಿ ಮಂಡಿಯೂರಿದ. ಮುಂದಿನ ಚಕ್ರ, ಹಿಂದಿನ ಚಕ್ರ, ಬ್ರೇಕಿನ ಕಡ್ಡಿ, ಒಂದೊಂದೇ ನಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಲು ನೋಡಿದ. ಯಾವುದೂ ಅಲುಗಲಿಲ್ಲ.

"ಸರಿ ಇದೆ. ನಿಧಾನಕ್ಕೆ ಹೋಗಿ ಭಾವ."

ಬೈಕು ಏರು ಹಿಡಿಯಿತು. ಅಕ್ಕ ತಮ್ಮ ಇಬ್ಬರೂ ಬಂಡೆಯ ನೆರಳಲ್ಲಿ ಕೂತು ಅದರ ಸದ್ದನ್ನೇ ಕೇಳಿದರು. ತಿರುವಿನಲ್ಲಿ ಸಣ್ಣಗಾಗಿ, ಮತ್ತೆ ದೊಡ್ಡದಾಗಿ, ಮೇಲೆ ಮೇಲೆ ಹೋಗುತ್ತಿತ್ತು.

"ಆ ಕೆಂಪು ಬಟ್ಟೆ..." ಎಂದಳು ಅಕ್ಕ, ತನ್ನ ಬೆರಳುಗಳನ್ನು ನೋಡುತ್ತ. "ಬೇರೆ ಯಾವ ಬೈಕಿಗೂ ಕಟ್ಟಿರ್ಲಿಲ್ಲ."

"ಎಣ್ಣೆ ಒರೆಸೋ ಬಟ್ಟೆ ಅದು, ಕಣೇ."

ಅವಳು ಅವನ ಮುಖ ನೋಡಿದಳು. ಅವನು ಸಮುದ್ರ ನೋಡಿದ.

ಅವಳು ಬಂಡೆಯ ನೆರಳಿನಿಂದ ನೀರಿನಂಚಿಗೆ ಸರಿದಳು. ಬಗ್ಗಿ ಒಂದು ಹಿಡಿ ಒದ್ದೆ ಮರಳು ತೆಗೆದುಕೊಂಡು ಬೆರಳುಗಳನ್ನು ಉಜ್ಜತೊಡಗಿದಳು. ಒಂದೊಂದೇ ಬೆರಳು, ಉಗುರಿನ ಸಂದಿ, ಗೆಣ್ಣು, ಪಾತ್ರೆ ತಿಕ್ಕುವ ಹಾಗೆ. ಬಣ್ಣ ಹೋಗಿ, ಆಮೇಲೆ ಚರ್ಮವೇ ಕೆಂಪಾಗತೊಡಗಿದರೂ ನಿಲ್ಲಿಸಲಿಲ್ಲ. ಮೇಲೆ, ನಟ್ಟು ಸಿಕ್ಕ ಎರಡನೇ ತಿರುವಿನಲ್ಲಿರಬೇಕು, ಬೈಕಿನ ಸದ್ದು ಒಂದು ಕ್ಷಣ ಪೂರ್ತಿ ನಿಂತಿತು. ಅವಳ ಕೈಯೂ ನಿಂತಿತು. ಆಮೇಲೆ ಎಂಜಿನ್ನು ಮತ್ತೆ ಶುರುವಾಗಿ, ದೀಪಸ್ತಂಭದ ಆಚೆಗೆ ಸಣ್ಣಗಾಗುತ್ತ ಹೋಯಿತು.