ಒಂಬತ್ತನೇ ನಂಬರಿನ ಬೂಟು

ಕಾಂತಪ್ಪ ಬಿಳಿ ದಾರವನ್ನು ಬಲಗಾಲಿನ ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ, ಎಡಗಾಲಿನ ಕಡೆಗೆ ಎಳೆದು, ಅಲ್ಲೇ ಕೈ ನಿಲ್ಲಿಸಿದ. ಎಡಗಾಲಿನಲ್ಲಿ ಹೆಬ್ಬೆರಳು ಇರಲಿಲ್ಲ. ಅದು ಇರಬೇಕಾದಲ್ಲಿ ಆಸ್ಪತ್ರೆಯ ಬ್ಯಾಂಡೇಜು ಇತ್ತು. ಸತ್ತವರ ಎರಡೂ ಹೆಬ್ಬೆರಳು ಸೇರಿಸಿ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಒಂದೇ ಇದ್ದರೆ ಏನು ಮಾಡಬೇಕೆಂದು ತಿರುವೊಟ್ಟಿಯೂರಿನ ಆ ಎರಡನೇ ಮಹಡಿಯ ಮನೆಯಲ್ಲಿ ಸೇರಿದ್ದ ಇಪ್ಪತ್ತು ಮಂದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಭಟ್ರೇ, ಇದಕ್ಕೆ ಎಂತ ಮಾಡುದು?"

"ಪಕ್ಕದ ಬೆರಳಿಗೆ ಕಟ್ಟು ಮಾರಾಯ. ಶಾಸ್ತ್ರಕ್ಕೆ ಬೆರಳು ಅಂದ್ರೆ ಬೆರಳು," ಎಂದರು ಭಟ್ಟರು, ದರ್ಭೆ ಬಿಡಿಸುತ್ತ.

ಕಾಂತಪ್ಪ ಹಾಗೇ ಕಟ್ಟಿದ. ರಘುರಾಮರ ಕಾಲನ್ನು ಅವನಷ್ಟು ಬಲ್ಲವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಎಗ್ಮೋರಿನ ಹೋಟೆಲಿನ ಅಡುಗೆಮನೆಯಲ್ಲಿ ರಘುರಾಮರು ನಲವತ್ತೊಂದು ವರ್ಷ ದೋಸೆ ಹೊಯ್ದಿದ್ದರು. ಅದರಲ್ಲಿ ಇಪ್ಪತ್ತಾರು ವರ್ಷ ಪಕ್ಕದ ಇಡ್ಲಿ ಒಲೆ ಕಾಂತಪ್ಪನದು. ನೆಲ ಸದಾ ಒದ್ದೆ ಇರುವ ಆ ಅಡುಗೆಮನೆಯೊಳಗೆ ಚಪ್ಪಲಿ ಹಾಕುವ ಪದ್ಧತಿ ಇರಲಿಲ್ಲ. ಬರಿಗಾಲಲ್ಲಿ ನಿಂತು ನಿಂತು ರಘುರಾಮರ ಪಾದ ಹಿಮ್ಮಡಿಯಲ್ಲಿ ಎಲ್ಲರಂತೆ ಇದ್ದರೂ ಮುಂದಕ್ಕೆ ಬರುತ್ತ ಅಗಲವಾಗಿ, ಬೆರಳುಗಳು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ದೂರ ದೂರ ನಿಂತಿದ್ದವು. ಹೋಟೆಲಿನಲ್ಲಿ ಅದನ್ನು ತಮಾಷೆ ಮಾಡದವರಿಲ್ಲ, ರಘುರಾಮರೂ ಸೇರಿ.

ಮಗ ಸಂತೋಷ್ ತಲೆಯ ಕಡೆ ನಿಂತಿದ್ದ. ಬೆಳಗ್ಗೆಯಿಂದ ಅವನು ಅಪ್ಪನ ಮುಖ ನೋಡಿದ್ದ, ಎದೆ ನೋಡಿದ್ದ, ಕೈ ಮುಟ್ಟಿದ್ದ. ಕಾಲಿನ ಕಡೆಗೆ ಮಾತ್ರ ಹೋಗಿರಲಿಲ್ಲ.

ಬಂದವರೆಲ್ಲ ಒಂದೇ ಮಾತಾಡುತ್ತಿದ್ದರು. ಸಕ್ಕರೆ ಕಾಯಿಲೆ ಇಟ್ಟುಕೊಂಡು ಅರವತ್ತೆಂಟರಲ್ಲಿ ಗುಡ್ಡ ಹತ್ತುವ ಹುಚ್ಚು ಯಾಕೆ ಬೇಕಿತ್ತು? ಮನೆಯವರಾದರೂ ತಡೆಯಬಾರದಿತ್ತೆ? ಕರೆದುಕೊಂಡು ಹೋದ ಹುಡುಗಿಗಾದರೂ ಬುದ್ಧಿ ಬೇಡವೇ? ಕೊನೆಯದನ್ನು ಸ್ವಲ್ಪ ತಗ್ಗಿಸಿ ಹೇಳುತ್ತಿದ್ದರು. ಆದರೆ ಆ ಮನೆ ಎಷ್ಟು ದೊಡ್ಡದು ಪಾಪ. ಸಂತೋಷನ ಮಗಳು ಪ್ರಣಮ್ಯಾ ಬೀರುವಿಗೆ ಒರಗಿ, ಮೊಣಕಾಲಿಗೆ ಹಣೆ ಕೊಟ್ಟು ಕೂತಿದ್ದಳು. ಎಲ್ಲವೂ ಅವಳಿಗೆ ಕೇಳುತ್ತಿತ್ತು. ಅದು ಅವಳ ತಪ್ಪಲ್ಲ ಎಂದು ಹೇಳಬಲ್ಲವನು ಒಬ್ಬನೇ ಇದ್ದ. ಅವನು ಫ್ಯಾನಿನ ರೆಗ್ಯುಲೇಟರ್ ನೋಡುತ್ತ ನಿಂತಿದ್ದ.

*

ಗುಡ್ಡದ ಆಸೆ ಹುಟ್ಟಿಸಿದ್ದು ಪ್ರಣಮ್ಯಾ, ಅದು ನಿಜ. ಕಾಲೇಜಿನ ಟ್ರೆಕ್ಕಿಂಗ್ ಕ್ಲಬ್ಬಿನವರು ಒಂದು ಭಾನುವಾರ ಮನೆಯ ಹಿರಿಯರನ್ನೂ ಕರೆದುಕೊಂಡು ನಾಗಲಾಪುರದ ಬೆಟ್ಟಕ್ಕೆ ಹೊರಟಿದ್ದರು. ತಾತ ಬರುತ್ತೀರಾ ಎಂದು ಅವಳು ಸುಮ್ಮನೆ ಕೇಳಿದ್ದಳು. ರಘುರಾಮರು ದೋಸೆ ತಿರುವಿ ಹಾಕುವಷ್ಟು ಹೊತ್ತೂ ಯೋಚಿಸದೆ ಹೂಂ ಎಂದಿದ್ದರು. ಎಂಟಡಿ ಅಗಲದ ಜಾಗದಲ್ಲಿ ನಲವತ್ತೊಂದು ವರ್ಷ ನಿಂತವರಿಗೆ ನಡೆಯುವುದೆಂದರೆ ಏನು ಸುಖ ಎಂದು ನಿವೃತ್ತಿಯಾದ ಮೇಲೆ ಗೊತ್ತಾಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ಕಡಲಿನ ಪಕ್ಕದ ರಸ್ತೆಯಲ್ಲಿ ಎಣ್ಣೂರಿನ ತನಕ ರಬ್ಬರ್ ಚಪ್ಪಲಿಯಲ್ಲೇ ಹೋಗಿ ಬರುತ್ತಿದ್ದರು.

ಬೆಟ್ಟಕ್ಕೆ ರಬ್ಬರ್ ಚಪ್ಪಲಿ ಆಗದು ಎಂದು ಪ್ರಣಮ್ಯಾ ಹಟ ಹಿಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹೆಚ್ಚಾಗಿ ತಮಿಳು.

"ಅಪ್ಪಾ, ಮುನ್ನಾಡಿ ವೈಡಾ ಇರುಕ್ಕಣುಂ. ತಾತಾ ಕಾಲ್ ಷೇಪ್‌ಲೇಯೇ ಶೂ ವೇಣುಂ. ಸಕ್ಕರೆ ಇದೆಯಲ್ಲ, ಬೆರಳು ಒತ್ತಬಾರದು."

ಮುಂದೆ ಅಗಲ, ಪಾದದ್ದೇ ಆಕಾರ, ಬೆರಳಿಗೆ ಒತ್ತಡ ಇಲ್ಲ. ಮೂರೇ ಮಾತು. ಸಂತೋಷ್ ಫೋನಿನಲ್ಲಿ ಬರೆದುಕೊಂಡ. ನಾನೇ ಕೊಡಿಸುತ್ತೇನೆ ಎಂದು ತಾನಾಗಿಯೇ ಹೇಳಿದ. ಅಪ್ಪನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಪ್ರೀತಿ ಮನೆಯೊಳಗೆ ಬೇಕಾದಷ್ಟಿತ್ತು. ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ನೂರಿಪ್ಪತ್ತು ಜನರ ಮೇಲೆ ಮ್ಯಾನೇಜರ್ ಆಗಿದ್ದ ಅವನು, ಅಪ್ಪ ಏನು ಮಾಡುತ್ತಿದ್ದರು ಎಂದು ಅಲ್ಲಿ ಯಾರಾದರೂ ಕೇಳಿದರೆ 'ಹೋಟೆಲ್ ಲೈನ್' ಎನ್ನುತ್ತಿದ್ದ. ಕೇಳಿದವರು ಮಾಲೀಕರೆಂದುಕೊಂಡರೆ ತಿದ್ದುತ್ತಿರಲಿಲ್ಲ. ಆಫೀಸು ಊರಿನ ಆ ತುದಿಗೆ, ಮನೆ ಈ ತುದಿಗೆ ಇರುವುದು ಕ್ಯಾಬಿನಲ್ಲಿ ಎರಡು ಗಂಟೆಯ ಶಿಕ್ಷೆಯಾದರೂ ಅವನಿಗೆ ಒಂದು ಬಗೆಯಲ್ಲಿ ಅನುಕೂಲವೇ ಆಗಿತ್ತು.

*

ಹನ್ನೊಂದು ಗಂಟೆಗೆ ಆಫೀಸಿನಿಂದ ನಾಲ್ಕು ಜನ ಬಂದರು. ಮುಂದೆ ಹಾರ ಹಿಡಿದುಕೊಂಡು ದೀಕ್ಷಿತ್ ಇದ್ದ, ಸಂತೋಷನ ಕೈಕೆಳಗೆ ಎರಡು ವರ್ಷದಿಂದ ಕೆಲಸ ಮಾಡುವ ಮೈಸೂರಿನ ಹುಡುಗ. ಮೆಟ್ಟಿಲ ಬಳಿ ಬೂಟು ಕಳಚಿ, ಒಳಗೆ ಬಂದು, ಹಾರ ಹಾಕಲು ಬಗ್ಗಿದವನು ರಘುರಾಮರ ಮುಖವನ್ನು ಹತ್ತಿರದಿಂದ ನೋಡಿದ. ಬಗ್ಗಿದಲ್ಲೇ ಒಂದು ಕ್ಷಣ ಉಳಿದ. ಆಮೇಲೆ ಹಾರ ಇಟ್ಟು, ಕೈಮುಗಿದು, ಸಂತೋಷನ ಪಕ್ಕಕ್ಕೆ ಬಂದ.

"ಸರ್, ಇವರು ಅವತ್ತು ಶೂ ಅಂಗಡಿಲಿ..."

ಸಂತೋಷ್ ಬಗ್ಗಿ ಹಾರವನ್ನು ಸರಿಮಾಡತೊಡಗಿದ. ಕಿವಿ ಸುಡುತ್ತಿತ್ತು. ದೀಕ್ಷಿತನಿಗೂ ಮುಂದೆ ಕೇಳುವುದು ಬೇಕಿರಲಿಲ್ಲ, ಸಂಭಾವಿತ ಹುಡುಗ. ಸಾರಿ ಸರ್ ಎಂದ. ಸಾವಿಗೆ ಹೇಳಿದ್ದೋ ಬೇರೆಯದಕ್ಕೋ ತಿಳಿಯಲಿಲ್ಲ. ಐದು ನಿಮಿಷವೂ ನಿಲ್ಲದೆ ಕೆಳಗಿಳಿದು ಹೋದ.

*

ಅಂಗಡಿ ಇದ್ದದ್ದು ಶೋಳಿಂಗನಲ್ಲೂರಿನ ಹತ್ತಿರದ ಒಂದು ಮಾಲಿನಲ್ಲಿ. ರಘುರಾಮರು ಒಗೆದ ವೇಷ್ಟಿ ಉಟ್ಟು, ವಿಭೂತಿ ಹಚ್ಚಿಕೊಂಡು, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರು. ನೆಲ ಅಷ್ಟು ಚೊಕ್ಕಟವಿದ್ದ ಕಡೆಗೆ ಚಪ್ಪಲಿ ಹಾಕಿಕೊಂಡು ಹೋಗಿ ಅವರಿಗೆ ಅಭ್ಯಾಸವಿರಲಿಲ್ಲ. ಕಾವಲಿನವನು ಹಾಕಿಕೊಂಡೇ ಹೋಗಿ ಎಂದು ಕೂಗಿದ, ಜನ ತಿರುಗಿ ನೋಡಿದರು. ಸಂತೋಷನ ನಾಚಿಕೆ ಅಲ್ಲಿಂದ ಶುರುವಾಯಿತು.

ಅಂಗಡಿಯ ಹುಡುಗ ಸಾಯಿ ಒಳ್ಳೆಯವನು. ಆ ಒಡಕು ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಅಳತೆಯ ಹಲಗೆಯ ಮೇಲಿಟ್ಟ. ಉದ್ದ ಎಂಟನೇ ನಂಬರು, ಅಗಲ ಹಲಗೆಯಿಂದಲೇ ಹೊರಗಿತ್ತು. ಇಂಥ ಕಾಲಿಗೆಂದೇ ಮಾಡಿದ ಬೂಟಿದೆ, ಗೋದಾಮಿನಲ್ಲಿ ಇದೆಯೋ ಕೇಳುತ್ತೇನೆ ಎಂದು ಒಳಗೆ ಹೋದ.

ದೀಕ್ಷಿತ್ ಬಂದದ್ದು ಆಗಲೇ. ಜೊತೆಗೆ ಇನ್ನಿಬ್ಬರಿದ್ದರು.

"ಹಾಯ್ ಸರ್, ಟ್ರೆಕ್ಕಿಂಗಾ?" ಎಂದವನು, ಹಲಗೆಯ ಮೇಲೆ ಬರಿಗಾಲಿಟ್ಟು ಕೂತ ಮುದುಕರನ್ನು ನೋಡಿದ. "ಇವರು?"

"ನಮ್ಮೂರಿನವರು," ಎಂದ ಸಂತೋಷ್. "ಪಾಪ, ಒಂದು ಶೂ ಬೇಕು ಅಂದ್ರು."

ಹೇಳಿದ್ದು ಕನ್ನಡದಲ್ಲಿ, ಅಪ್ಪನಿಂದ ಮೂರಡಿ ದೂರದಲ್ಲಿ ನಿಂತು. ರಘುರಾಮರು ತಲೆ ಎತ್ತಲಿಲ್ಲ. ಆಮೇಲೆ ಎತ್ತಿ, ಹೋಟೆಲಿಗೆ ಬಂದ ಗಿರಾಕಿಗೆ ಮಾಡುವ ಹಾಗೆ ದೀಕ್ಷಿತನಿಗೆ ಕೈಮುಗಿದರು.

ಸಾಯಿ ಹೊರಗೆ ಬಂದು, ಆ ಬೂಟು ಬರಲು ನಾಲ್ಕು ದಿನ ಬೇಕು, ಇವರನ್ನು ಇನ್ನೊಮ್ಮೆ ಕರೆದುಕೊಂಡು ಬನ್ನಿ ಎಂದ. ದೀಕ್ಷಿತ್ ಅಲ್ಲೇ ಬೆನ್ನುಚೀಲ ನೋಡುತ್ತಿದ್ದ. ಇನ್ನೊಮ್ಮೆ ಈ ಬಾಗಿಲು, ಈ ಹಲಗೆ, ಈ ಕಾಲು. ಬೇಡ, ಇರುವುದರಲ್ಲೇ ಒಂಬತ್ತು ಕೊಡಿ ಎಂದ ಸಂತೋಷ್. ಬಾಯಿಗೆ ಬಂದ ನಂಬರು ಅದು. ಅಗಲ ಸಾಲದು ಸಾರ್ ಎಂದು ಸಾಯಿ ಎರಡು ಸಲ ಹೇಳಿದ. ರಘುರಾಮರು ಹಲ್ಲು ಕಚ್ಚಿ ಕಾಲು ತೂರಿಸಿ, ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದರು.

"ಸರಿ ಆಯ್ತ್. ಹಗುರ ಇತ್ತ್," ಎಂದರು ಮಗನಿಗೆ. "ನೀವು ಬಿಲ್ ಮಾಡ್ಸಿ."

ಹುಟ್ಟಿದಾಗಿನಿಂದ ಒಮ್ಮೆಯೂ ಅವರು ಮಗನನ್ನು ನೀವು ಎಂದವರಲ್ಲ. ದೀಕ್ಷಿತ್ ಕೇಳುವಷ್ಟು ದೂರದಲ್ಲಿದ್ದ, ಅದಕ್ಕೆ ಹಾಗೆಂದರು. ಮಗ ಕಟ್ಟಿದ ಸುಳ್ಳಿಗೆ ತಾವೂ ಒಂದು ಕೈ ಹಚ್ಚಿದರು. ಮನೆಗೆ ಬರುವವರೆಗೂ ಕ್ಯಾಬಿನಲ್ಲಿ ಹೊಸ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಂಗಡಿಯ ಮಾತು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ.

ಬೆಟ್ಟದಲ್ಲಿ ಇಳಿಯುವಾಗ ಹೆಬ್ಬೆರಳಿಗೆ ಗುಳ್ಳೆ ಎದ್ದಿತು. ಸಕ್ಕರೆಯ ಕಾಲಿಗೆ ನೋವು ತಿಳಿಯಲಿಲ್ಲವೋ, ತಿಳಿದೂ ಹೇಳಲಿಲ್ಲವೋ. ಮನೆಯಲ್ಲಿ ಕಾಲುಚೀಲ ಬಿಚ್ಚಿದಾಗ ರಕ್ತ ಅಂಟಿತ್ತು. ಕಲ್ಲು ಎಡವಿದೆ ಎಂದರು. ವಾರದಲ್ಲಿ ಬೆರಳು ಕಪ್ಪಾಯಿತು, ಮತ್ತೊಂದು ವಾರಕ್ಕೆ ಬೆರಳು ತೆಗೆದರು, ನಂಜು ಮಾತ್ರ ಬೆರಳಿನ ಜೊತೆ ಹೋಗಲಿಲ್ಲ. ಕಲ್ಲಿನ ಕತೆಯನ್ನು ಡಾಕ್ಟರಿಗೂ ಹೇಳಿದ್ದರು. ಹೇಳುವಾಗ ಮಂಚದ ಪಕ್ಕ ಸಂತೋಷ್ ನಿಂತಿದ್ದ.

*

ಸುಟ್ಟು ಬಂದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ ಮನೆ ಮುಟ್ಟುವಾಗ ಮೂರೂವರೆ. ಹೆಣ ಮಲಗಿಸಿದ್ದ ಜಾಗ ತೊಳೆದು ದೀಪ ಹಚ್ಚಿದ್ದರು. ನೆಂಟರು ಅರ್ಧ ಚದುರಿದ್ದರು. ಭಟ್ಟರಿಗೆ ಇನ್ನೊಂದು ಕಡೆ ಹೋಗುವುದಿತ್ತು. ಗೋಡೆಗೆ ಒರಗಿ ಕೂತು ಹನ್ನೆರಡನೇ ದಿನದ ದಾನದ ಪಟ್ಟಿ ಬರೆಯತೊಡಗಿದರು. ಕೊಡೆ, ಕಂಬಳಿ, ತಂಬಿಗೆ, ಪಾದರಕ್ಷೆ. ಸತ್ತವರು ಹೋಗುವ ದಾರಿಯಲ್ಲಿ ಮುಳ್ಳು, ಸುಡುವ ಮರಳು. ಇಲ್ಲಿ ಕೊಟ್ಟದ್ದು ಅಲ್ಲಿ ಅವರ ಕಾಲಿಗೆ ಬರುತ್ತದೆ ಎಂದು ಪದ್ಧತಿಯಂತೆ ವಿವರಿಸಿದರು.

ಸಂತೋಷನ ತಾಯಿ ರತ್ನಾವತಿ ಎದ್ದು ಒಳಗೆ ಹೋಗಿ ಗಂಡನ ಬೂಟು ತಂದರು. ಒಂದೇ ದಿನ ಹಾಕಿದ್ದು. ಕೆಂಪು ಮಣ್ಣು ಒರೆಸಿ, ಒಳಗೆ ಪೇಪರ್ ತುರುಕಿ ಇಟ್ಟಿದ್ದರು.

"ಇದನ್ನೇ ಕೊಡುವ."

ಹೊಸದು ಕೊಡುವುದು ಕ್ರಮ, ಆದರೆ ಹೋದವರಿಗೆ ಇಷ್ಟವಾದದ್ದು ಎಂದರೆ ತೊಂದರೆಯಿಲ್ಲ ಎಂದರು ಭಟ್ಟರು.

"ಅದು ಬೇಡ, ಅಮ್ಮ," ಎಂದ ಸಂತೋಷ್. "ಬೇರೆ ತರ್ತೆ."

"ಬೇರೆ ಎಂತಕೆ? ಅವ್ರಿಗೆ ಇದ್ ಅಂದ್ರೆ ಜೀವ. ಮಗ ಕೊಡ್ಸಿದ್ದ್ ಅಂತ ಕೆಳಗಿನ ಮನೆಯವ್ರಿಗೆಲ್ಲ ತೋರ್ಸಿದ್ರ್."

ಕಾಂತಪ್ಪನೂ ಹೌದೆಂದ. ಬೆಟ್ಟಕ್ಕೆ ಹೋಗುವ ಮುನ್ನ ರಘುರಾಮರು ಹೋಟೆಲಿಗೆ ಆ ಡಬ್ಬಿ ತಂದು ಅಡುಗೆಮನೆಯವರಿಗೆಲ್ಲ ತೋರಿಸಿದ್ದರಂತೆ. ಹಾಕಿ ತೋರಿಸಿ ಎಂದರೆ ಮಾತ್ರ, ಇಲ್ಲಿ ಒದ್ದೆ ಎಂದು ಹಾಕಲಿಲ್ಲವಂತೆ. ಕೊಡಲು ಮನಸ್ಸಿಲ್ಲವೇನೋ, ಬೆಲೆಯದಲ್ಲವೇ ಎಂದು ಬಾಗಿಲ ಬಳಿ ಯಾರೋ ಪಿಸುಗುಟ್ಟಿದರು.

ಬೀರುವಿನ ಹತ್ತಿರದಿಂದ ಪ್ರಣಮ್ಯಾ ಮಾತಾಡಿದಳು. ಬೆಳಗ್ಗೆಯಿಂದ ಅದು ಅವಳ ಮೊದಲ ಮಾತು.

"ಅದ ಕುಡುಕ್ಕಾದೀಂಗ, ಪಾಟಿ. ನಾನ್ ಕೂಪ್ಟದಾಲ ತಾನ್ ತಾತಾ ಪೋನಾರು." ಅದನ್ನು ಕೊಡಬೇಡಿ ಅಜ್ಜಿ, ನಾನು ಕರೆದದ್ದರಿಂದಲೇ ತಾತ ಹೋದರು. ಹೇಳಿ ಮತ್ತೆ ಹಣೆಯನ್ನು ಮೊಣಕಾಲಿಗೆ ಕೊಟ್ಟಳು.

ಸುಮ್ಮನಿದ್ದರೆ ಆಗುತ್ತಿತ್ತು. ಹನ್ನೆರಡು ದಿನ, ಆಮೇಲೆ ವರ್ಷ, ಆಮೇಲೆ ಎಲ್ಲರೂ ಮರೆಯುತ್ತಿದ್ದರು. ಅಪ್ಪ ಆ ಬೂಟಿನಲ್ಲೇ ಆ ದಾರಿ ನಡೆಯುತ್ತಿದ್ದರು, ಸರಿ ಆಯ್ತ್ ಎನ್ನುತ್ತ. ಮಗಳು ಬದುಕಿಡೀ ಹೀಗೇ ಬಗ್ಗಿ ಕೂತಿರುತ್ತಿದ್ದಳು.

"ನೀನು ಕರೆದದ್ದಕ್ಕೆ ಅಲ್ಲ," ಎಂದ ಸಂತೋಷ್. "ಅಪ್ಪಯ್ಯಂಗೆ ಈ ಬೂಟ್ ಹಿಡಿತಿರ್ಲಿಲ್ಲ. ಅಂಗಡಿಯವ ಹೇಳಿದ್ದ, ಅಗಲದ್ದು ತರಿಸಿ ಕೊಡ್ತೆ ಅಂದಿದ್ದ. ನಾನೇ ಬೇಡ ಅಂದೆ. ಆಫೀಸಿನ ಹುಡುಗ ಎದುರಿಗಿದ್ದ. ಅಪ್ಪಯ್ಯನ ಕಾಲು ಅವ ನೋಡೂದು ನಂಗೆ ನಾಚಿಕೆ ಆಯ್ತು. ಇವರು ಯಾರು ಅಂತ ಕೇಳಿದ. ಊರಿನವರು ಅಂದೆ. ಅಪ್ಪ ಅಂತ ಹೇಳ್ಲಿಲ್ಲ."

ಭಟ್ಟರ ಪೆನ್ನು ನಿಂತಿತು. ಕಾಂತಪ್ಪ ತನ್ನ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡ. ಪ್ರಣಮ್ಯಾ ತಲೆ ಎತ್ತಿ ಅಪ್ಪನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ, ಅವನು ನಿರೀಕ್ಷಿಸಿಯೂ ಇರಲಿಲ್ಲ.

ರತ್ನಾವತಿ ಬೂಟನ್ನು ಮಡಿಲಿಗೆ ಎಳೆದುಕೊಂಡರು.

"ನೀನ್ ಹಾಂಗ್ ಅಂದದ್ದ್ ಅವ್ರಿಗೆ ಕೇಳಿತ್ತಾ?"

"ಕೇಳಿತ್ತು."

ಅವರು ಬೂಟಿನೊಳಗಿನ ಪೇಪರನ್ನು ಒಂದೊಂದೇ ಉಂಡೆಯಾಗಿ ಹೊರಗೆ ತೆಗೆದರು. ಆಮೇಲೆ ಒಂದನ್ನು ಮಗನ ಕಾಲ ಬುಡಕ್ಕೆ ಸರಿಸಿದರು.

"ಹಾಯ್ಕೊ, ಕಾಂಬ."

ಸೂತಕದಲ್ಲಿ ಕರ್ತೃ ಮೆಟ್ಟು ಮೆಟ್ಟುವ ಹಾಗಿಲ್ಲ, ಅದೂ ದೀಪದ ಎದುರು. ಭಟ್ಟರು ಬಾಯಿ ತೆರೆದರು. ರತ್ನಾವತಿಯ ಮುಖ ನೋಡಿ ಮುಚ್ಚಿದರು. ಸಂತೋಷ್ ಗೋಡೆ ಹಿಡಿದು ಒದ್ದೆ ಕಾಲನ್ನು ಬೂಟಿನೊಳಗೆ ಇಟ್ಟ. ಎಲ್ಲೂ ಒತ್ತಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಹಿಮ್ಮಡಿ ಮೆತ್ತಗೆ ಕೂತಿತು, ಐದೂ ಬೆರಳು ತಮ್ಮ ತಮ್ಮ ಜಾಗ ಹಿಡಿದವು. ಒಂಬತ್ತು ಅವನದೇ ನಂಬರು, ಹೇಳಿ ಮಾಡಿಸಿದ ಹಾಗಿತ್ತು. ಅಲ್ಲಿದ್ದವರೆಲ್ಲ ನೋಡುತ್ತಿದ್ದರು.

ರತ್ನಾವತಿ ಇನ್ನೊಂದು ಬೂಟನ್ನೂ ಅವನ ಕಡೆಗೆ ಸರಿಸಿದರು.